ಭಾಗೀರಥಿ ಯಾಕೆ ತಿರುಗಿ ಬಂದಳು?

ಕುಣಿಗಲ್ ಕೆರೆಯ ಹಾಡನ್ನು ಕೇಳದ ಕನ್ನಡಿಗ ಇರಲಾರ. ಸ್ಕೂಲ್ ಡೇ ಆಗಲಿ, ತಾಲ್ಲೂಕು ಸಾಹಿತ್ಯ ಸಮ್ಮೇಳನ ಆಗಲಿ, ಯಾರಾದರೊಬ್ಬರು ಅದನ್ನ ಹಾಡೇ ಹಾಡ್ತಾರೆ. ಸಭೆ ತಲೆ ತೂಗುತ್ತೆ. ಆ ಹಾಡಿನ ಮೇಲೆ ನಮಗೆ ತಕರಾರೇನೂ ಇಲ್ಲ. ತುಂಬಿದ ಕೆರೆ ನೋಡಿ ಖುಷಿಪಡೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕನ್ನಡದ ಜನಪದರು ಕೆರೆಯ ಮೇಲೆ ಇನ್ನೊಂದು ಹಾಡನ್ನೂ ಕಟ್ಟಿದ್ದಾರೆ. ಅದು 'ಕೆರೆಗೆ ಹಾರ'. ಅಚ್ಚಾಗಿ ಹೆಸರಾಗಿರೋದು ಉತ್ತರ ಕರ್ನಾಟಕದ ಮಾತಿನಲ್ಲಿ. ಕುಣಿಗಲ್ ಕೆರೆಯ ಹಾಡು ಕೆರೆ ನೋಡುವವರದು. ಇದು ಆ ನೀರಿಗೆ ಇಳಿದವಳದು. ಕೆರೆ ನಂಬಿಕೊಂಡೇ ಬದುಕಿರುವ ತುಮಕೂರು ಸೀಮೆಯವರು, ಅಂದರೆ ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡ ಕೆರೆಗಳ ಮಗ್ಗುಲಲ್ಲಿ ಇರುವವರು, ಈ ಎರಡನೇ ಹಾಡನ್ನೂ ನಮ್ಮದೇ ಅಂತ ಓದಬೇಕಾಗಿದೆ.

ಕತೆ ಗೊತ್ತಿರುವವರು ಇನ್ನೊಮ್ಮೆ ಕೇಳಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಕೆರೆಯಲ್ಲಿ ಒಂದು ಹನಿ ನೀರಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಬಲಿ ಕೊಡಬೇಕು ಅಂತ ಬರುತ್ತೆ. ಹಿರಿಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನ ಹೋಗುತ್ತೆ. ಹೀಗೆ ಲೆಕ್ಕ ಹಾಕುತ್ತಾ ಬಂದು ಅದು ಕಿರಿಸೊಸೆ ಭಾಗೀರಥಿಯ ತಲೆಗೆ ನಿಲ್ಲುತ್ತೆ. ಅವಳ ಗಂಡ ಮಾದೇವರಾಯ ದಂಡಿಗೆ ಹೋಗಿದ್ದಾನೆ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ, ಗೆಳತಿಯ ಮನೆಗೆ ಹೋಗುತ್ತಾಳೆ, ತಿರುಗಿ ಗಂಡನ ಮನೆಗೇ ಬರುತ್ತಾಳೆ. ನೀರು ಕಾಸಿ, ಅಡಿಗೆ ಮಾಡಿ, ಎಲ್ಲರ ಜೊತೆ ಕೆರೆಯ ಪೂಜೆಗೆ ಹೊರಡುತ್ತಾಳೆ. ಪೂಜೆ ಮುಗಿಸಿ ವಾಪಸ್ಸು ಬರುವಾಗ ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿದಿದೆ ಅಂತಾರೆ. ಮಿಕ್ಕ ಸೊಸೆಯರು ಒಲ್ಲೆ ಅಂತಾರೆ. ಇವಳು ಹೋಗುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತೆ. ಕೆರೆ ತುಂಬುತ್ತೆ.

ಆಮೇಲೆ ಗಂಡನ ಪಯಣ. ದಂಡಿನಲ್ಲಿ ಅವನಿಗೆ ಕೆಟ್ಟ ಕನಸು. ಕುದುರೆ ಹತ್ತಿ ಬರುತ್ತಾನೆ. ಹೆಂಡತಿ ಎಲ್ಲಿ ಅಂದರೆ ತವರಿಗೆ ಹೋಗಿದ್ದಾಳೆ ಅಂತಾರೆ. ತವರಿಗೆ ಹೋದರೆ ಗೆಳತಿಯ ಮನೆ ತೋರಿಸುತ್ತಾರೆ. ನಿಜ ಹೇಳುವವಳು ಗೆಳತಿ ಒಬ್ಬಳೇ. ಅವನು ಕೆರೆಗೆ ಬಂದು ಅತ್ತು, ತಾನೂ ಹಾರಿಕೊಳ್ಳುತ್ತಾನೆ.

ತರಗತಿಗಳಲ್ಲಿ ಇದಕ್ಕೆ ಇಟ್ಟಿರುವ ಹೆಸರು 'ತ್ಯಾಗ'. ಪರೀಕ್ಷೆಯ ಪ್ರಶ್ನೆ ಹೀಗಿರುತ್ತೆ: ಭಾಗೀರಥಿಯ ತ್ಯಾಗವನ್ನು ವಿವರಿಸಿ. ಅಂಕ ಹತ್ತು. ನಮ್ಮ ಹುಡುಗ ಹುಡುಗಿಯರು ನಾಲ್ಕು ಪುಟ ಬರೆದು ಎಂಟು ಅಂಕ ತಗೊಂಡು ಪಾಸಾಗ್ತಾರೆ. 'ಅವಳನ್ನು ಕೊಂದವರು ಯಾರು' ಅನ್ನೋ ಪ್ರಶ್ನೆ ಬಂದರೆ ಉತ್ತರ ಬರೆಯೋಕೆ ಒಂದು ಸಾಲು ಸಾಕು. ಹಾಗಾಗಿ ಅದು ಬರೋದಿಲ್ಲ.

ನಾವು ಕೇಳಬೇಕು ಅಂತಿರೋದು ಬೇರೆ ಪ್ರಶ್ನೆ. ಕೊಲೆಗಾರರ ವಿಷಯ ಹಾಡಿನಲ್ಲೇ ಬಿಚ್ಚಿಟ್ಟಿದೆ, ಅದಕ್ಕೆ ವಿಮರ್ಶಕರು ಬೇಕಿಲ್ಲ. ತವರಿಗೆ ಹೋಗಿದ್ದವಳು ಯಾಕೆ ತಿರುಗಿ ಬಂದಳು? ದಾರಿ ಇತ್ತು. ಕಾಲು ಇತ್ತು. ಕಾವಲಿಗೆ ಯಾರೂ ಇರಲಿಲ್ಲ. ಅಲ್ಲೇ ಉಳಿಯಬಹುದಿತ್ತು, ಇನ್ನೊಂದು ಊರಿಗೆ ನಡೆದುಬಿಡಬಹುದಿತ್ತು. ಗೊತ್ತಿದ್ದೂ ಗೊತ್ತಿದ್ದೂ ಬಂದು ಒಲೆ ಹಚ್ಚಿದಳಲ್ಲ, ಯಾಕೆ?

ಇದಕ್ಕೆ ಉತ್ತರ ಅವಳ ಮನಸ್ಸಿನಲ್ಲಿ ಹುಡುಕುವವರು ಆದರ್ಶ, ಪಾತಿವ್ರತ್ಯ, ಲೋಕಹಿತ ಅನ್ನೋ ಪದಗಳನ್ನ ಎತ್ತಿಕೊಂಡು ಬರ್ತಾರೆ. ನಾವು ಅವಳ ಮನಸ್ಸಿಗೆ ಕೈಹಾಕೋದು ಬೇಡ. ಅವಳು ಹೋದ ಬಾಗಿಲುಗಳನ್ನ ನೋಡೋಣ. ಅಪ್ಪ ಕೇಳುತ್ತಾನೆ: ಯಾಕೆ ಮಗಳೇ ಮುಖ ಬಾಡಿದೆ? ಅವಳು ನಿಜ ಹೇಳೋದಿಲ್ಲ. ಅತ್ತೆ ಮಾವ ನನ್ನನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ನಾನು ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಅವ್ವ ಒಡವೆ ಕೊಡಿಸುತ್ತೇನೆ ಅನ್ನುತ್ತಾಳೆ. ಎಲ್ಲರೂ ಒಳ್ಳೆಯವರೇ. ಒಬ್ಬರೂ ಕೆಟ್ಟ ಮಾತಾಡಲಿಲ್ಲ. ಒಬ್ಬರೂ 'ಹೋಗಬೇಡ, ಇಲ್ಲೇ ಇರು' ಅನ್ನಲೂ ಇಲ್ಲ. ಮಗಳ ಕಷ್ಟ ಏನಿದ್ದರೂ ಅದು ಆ ಮನೆಯ ಒಳಗೇ ಬಗೆಹರಿಯಬೇಕು, ತಮ್ಮದೇನಿದ್ದರೂ ಸಾಮಾನು ಸರಂಜಾಮು ಕಳಿಸಿಕೊಡೋ ಕೆಲಸ. ಇದು ಆ ಮಾತುಗಳ ಒಳಗಿನ ಮಾತು. ಭಾಗೀರಥಿ ಕೇಳಿದ್ದು ಅದನ್ನೇ ಇರಬೇಕು. ಇಂಥವರ ಮುಂದೆ ಪೂರ್ತಿ ನಿಜ ಹೇಳಿ ಏನು ಬಂತು?

ಗೆಳತಿಯ ಹತ್ತಿರ ಮಾತ್ರ ಹೇಳುತ್ತಾಳೆ. ನನ್ನನ್ನು ಕೆರೆಗೆ ಕೊಡುತ್ತಾರಂತೆ. ಗೆಳತಿ ಏನು ಹೇಳುತ್ತಾಳೆ? ಕೊಟ್ಟರೆ ಒಪ್ಪಿಕೋ ಅನ್ನುತ್ತಾಳೆ. ಹೆಣ್ಣಾದವಳು ಅವರು ಹೇಗೆ ನಡೆಸಿಕೊಂಡರೆ ಹಾಗೆ ನಡೆಯಬೇಕಲ್ಲ ಅನ್ನೋದು ಅವಳ ಮಾತಿನ ತಿರುಳು. ಇಡೀ ಕನ್ನಡ ಜನಪದದಲ್ಲಿ ನಮಗೆ ಎದೆ ಒಡೆದದ್ದು ಈ ಜಾಗ. ಗೌಡನ ಕ್ರೌರ್ಯ ನಮಗೆ ಹೊಸದಲ್ಲ, ಅದು ನಮ್ಮ ಮೈಮೇಲೇ ಇದೆ. ಪ್ರೀತಿಸುವವಳೇ ಯಜಮಾನರ ಬಾಯಿಂದ ಮಾತಾಡಿದಾಗ ಮುಂದಕ್ಕೆ ಹೋಗೋಕೆ ಯಾವ ಮನೆ ಉಳಿಯುತ್ತೆ?

ಆದ್ದರಿಂದ ನಾವು ಹೇಳೋದು ಇಷ್ಟು. ಭಾಗೀರಥಿ ಯಾರನ್ನೂ ಬಿಟ್ಟು ಹೋಗಲಿಲ್ಲ. ಅವಳು ಕೆರೆಗೆ ಇಳಿಯುವ ಮೊದಲೇ ಎಲ್ಲ ಸಂಬಂಧಗಳೂ ಒಂದೊಂದಾಗಿ ಅವಳನ್ನು ಬಿಟ್ಟಿದ್ದವು. ಬಾಗಿಲಿಂದ ಬಾಗಿಲಿಗೆ ನಡೆದು ಅದನ್ನ ಖಾತ್ರಿ ಮಾಡಿಕೊಂಡು ಬಂದಳು. ಬೇರೆ ಜಾಗವೇ ಇಲ್ಲದವಳು ತಿರುಗಿ ಬಂದದ್ದನ್ನ ಒಪ್ಪಿಗೆ ಅಂತ ಕರೆಯೋಕೆ ಆಗೋದಿಲ್ಲ. ಒಪ್ಪಿಗೆ ಅಲ್ಲದ ಮೇಲೆ ತ್ಯಾಗ ಎಲ್ಲಿಂದ ಬಂತು? ಬಿಡುವ ಹಕ್ಕು ಇಲ್ಲದ ಕಡೆ ಉಳಿದುಕೊಂಡವಳನ್ನ ಹೊಗಳೋದು ಅಂದರೆ ಕಟ್ಟಿಹಾಕಿದ ಎತ್ತನ್ನ ಎಷ್ಟು ನಿಷ್ಠೆಯಿಂದ ಗೂಟದ ಹತ್ತಿರ ನಿಂತಿದೆ ನೋಡಿ ಅಂದ ಹಾಗೆ.

ಈ ಕತೆ ಕನ್ನಡಕ್ಕಷ್ಟೇ ಸೇರಿದ್ದಲ್ಲ. ಸರ್ಬಿಯಾದ ಜನಪದದಲ್ಲಿ ಸ್ಕಾದರ್ ಕೋಟೆಯ ಹಾಡಿದೆ. ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತೆ. ಮೂವರು ಅಣ್ಣತಮ್ಮಂದಿರಲ್ಲಿ ಯಾರ ಹೆಂಡತಿ ನಾಳೆ ಬುತ್ತಿ ತರುತ್ತಾಳೋ ಅವಳನ್ನ ಗೋಡೆಯೊಳಗೆ ಇಟ್ಟು ಕಟ್ಟಬೇಕು, ಯಾರೂ ಹೆಂಡತಿಗೆ ಹೇಳಕೂಡದು ಅಂತ ಆಣೆ ಆಗುತ್ತೆ. ದೊಡ್ಡವರಿಬ್ಬರೂ ಮನೆಗೆ ಹೋಗಿ ಹೇಳಿಬಿಡುತ್ತಾರೆ. ಕಿರಿಯವನೊಬ್ಬ ಆಣೆಗೆ ತಪ್ಪೋದಿಲ್ಲ. ಅವನ ಹೆಂಡತಿ ಹೋಗುತ್ತಾಳೆ. ಇಲ್ಲೂ ಕಿರಿಯವಳೇ! ಕಲ್ಲು ಎದೆಯ ಮಟ್ಟಕ್ಕೆ ಬಂದಾಗ ಅವಳು ಒಂದು ಕಿಂಡಿ ಬಿಡಿ ಅಂತ ಕೇಳುತ್ತಾಳೆ, ಕೂಸಿಗೆ ಮೊಲೆ ಕೊಡೋದಕ್ಕೆ. ರುಮೇನಿಯಾದಲ್ಲಿ, ಹಂಗೆರಿಯಲ್ಲಿ, ಗ್ರೀಸಿನಲ್ಲಿ ಇಂಥದೇ ಹಾಡುಗಳಿವೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಇವುಗಳ ಮೇಲಿನ ಬರಹಗಳನ್ನ ಒಟ್ಟುಮಾಡಿ 1996ರಲ್ಲಿ ಪುಸ್ತಕ ತಂದ. ಮದುವೆಯೇ ಹೆಣ್ಣಿಗೆ ಗೋಡೆ ಅನ್ನೋ ಅರ್ಥ ಈ ಹಾಡುಗಳಲ್ಲಿದೆ ಅಂತ ಅವನು ವಾದಿಸಿದ. ಒಪ್ಪೋಣ. ಆದರೆ ನಮ್ಮ ಊರುಗಳಲ್ಲಿ ಆ ಗೋಡೆಗೆ ಇನ್ನೊಂದು ಸುತ್ತು ಇದೆ. ಅದು ಜಾತಿ. ಅದರ ಬಗ್ಗೆ ಡಂಡೆಸ್ ಹೇಳಿಕೊಡಬೇಕಾಗಿಲ್ಲ.

ನೋಡಿ, ಹಾಡು ಶುರುವಾಗೋದೇ ಕೆರೆ ಕಟ್ಟಿಸಿದ ಗೌಡನ ಹೆಸರಿಂದ. ಕಟ್ಟಿದವರ ಹೆಸರಿಲ್ಲ. ಮಣ್ಣು ಅಗೆದ ಬೋವಿಗಳು, ಕಲ್ಲು ಹೊತ್ತ ಹೊಲೆಮಾದಿಗರು ಎಲ್ಲಿ ಹೋದರು? ಹಳೇ ಮೈಸೂರು ಸೀಮೆಯ ಬಹಳ ಊರುಗಳಲ್ಲಿ ತೂಬು ಎತ್ತಿ ನೀರು ಹಂಚುತ್ತಿದ್ದ ನೀರುಗಂಟಿ ನಮ್ಮವನೇ. ಯಾರ ಗದ್ದೆಗೆ ಎಷ್ಟು ನೀರು ಅಂತ ಅವನಿಗೆ ಗೊತ್ತು. ರಾತ್ರಿಯೆಲ್ಲ ಏರಿಯ ಮೇಲೆ ಕಾದವನು ಅವನು. ಅದೇ ಊರಿನ ಕುಡಿಯುವ ನೀರಿನ ಬಾವಿಗೆ ಅವನ ಹೆಂಡತಿ ಬಿಂದಿಗೆ ಇಳಿಬಿಡುವ ಹಾಗಿರಲಿಲ್ಲ. ಇಂಥ ವಂಶಪಾರಂಪರ್ಯದ ಚಾಕರಿಗಳನ್ನ ಕಾಗದದ ಮೇಲೆ ರದ್ದು ಮಾಡಿದ್ದು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ. ಊರಿನ ಬಾಯಲ್ಲಿ ರದ್ದಾಗೋದಕ್ಕೆ ಅದಕ್ಕಿಂತ ಬಹಳ ಕಾಲ ಹಿಡಿಯಿತು.

ಊರಿಗೂ ನಮಗೂ ಸಂಬಂಧ ಇತ್ತಲ್ಲ ಅಂತ ಈಗ ಕೆಲವರು ಬಹಳ ಪ್ರೀತಿಯಿಂದ ಬರೀತಾರೆ. ಗ್ರಾಮ ಬದುಕಿನ ಬಾಂಧವ್ಯ, ಕೊಡುಕೊಳ್ಳುವಿಕೆ, ಸಾಮರಸ್ಯ. ಹೌದು, ಸಂಬಂಧ ಇತ್ತು. ಅದಕ್ಕೆ ಹೆಸರೂ ಇತ್ತು: ಹಳೇಮಗ. ಎಂಥ ಚೆಂದದ ಪದ! ಕೇಳಿದವರಿಗೆ ಮನೆಯ ಮಗನೇ ಅನ್ನಿಸಬೇಕು. ಮಗ ಅಂತ ಕರೀತಾರೆ, ಹೊಲದಲ್ಲಿ ಪಾಲಿಲ್ಲ. ಮದುವೆಯಲ್ಲಿ ಚಪ್ಪರ ಹಾಕಬೇಕು, ಸತ್ತರೆ ಸುದ್ದಿ ಹೊತ್ತು ಊರೂರು ತಿರುಗಬೇಕು, ಕಣದಲ್ಲಿ ಉಳಿದ ಕಾಳು ಒಡ್ಡಿದ ಸೆರಗಿಗೆ ಬೀಳಬೇಕು. ಇದರ ಜೊತೆಗೇ ಜೀತ. ಅಪ್ಪ ತಂದ ಸಾಲಕ್ಕೆ ಮಗ ದನ ಕಾಯೋಕೆ ನಿಲ್ಲೋದು. ಜೀತ ರದ್ದಾದದ್ದು 1976ರ ಕಾನೂನಿನಲ್ಲಿ. ಜೀತ ಬಿಟ್ಟು ಓಡಿಹೋದ ಹುಡುಗನಿಗೆ ಊರು ಏನಂತ ಅನ್ನುತ್ತೆ? ಉಂಡ ಮನೆಗೆ ಎರಡು ಬಗೆದವನು. ಉಪ್ಪಿನ ಋಣ ಮರೆತವನು. ಕಾನೂನು ಸರಪಳಿ ಬಿಚ್ಚಿದರೂ ಈ ಮಾತು ಕಾಲಿಗೆ ಸಿಕ್ಕಿಹಾಕಿಕೊಂಡೇ ಇರುತ್ತೆ.

ಇಲ್ಲಿ ನೀತಿಯ ಪ್ರಶ್ನೆಯೊಂದಿದೆ, ಅದನ್ನ ತಳ್ಳಿಹಾಕೋದು ಸರಿಯಲ್ಲ. ಉಂಡದ್ದು ನಿಜ ತಾನೇ? ಕೆಲವು ಮನೆಗಳಲ್ಲಿ ಯಜಮಾನಿಯ ಕರುಣೆಯೂ ನಿಜ. ಜ್ವರ ಬಂದಾಗ ಕಷಾಯ ಕೊಟ್ಟವರಿದ್ದಾರೆ, ಹಬ್ಬಕ್ಕೆ ಹಳೇ ಅಂಗಿ ಕೊಟ್ಟವರಿದ್ದಾರೆ. ಅದಕ್ಕೆ ಋಣ ಇಲ್ಲವೇ? ನಾವು ಬಹಳ ಯೋಚನೆ ಮಾಡಿದ್ದೀವಿ. ಬೇಕಾದಾಗ ಎದ್ದು ಹೋಗುವವನಿಗೆ ಊಟ ಇಟ್ಟರೆ ಅದು ಊಟ, ಅದಕ್ಕೆ ಋಣ ಉಂಟು. ಎದ್ದು ಹೋಗಬಾರದು ಅಂತಲೇ ಇಟ್ಟ ಊಟಕ್ಕೆ ಏನಂತ ಹೆಸರಿಡೋದು? ದನಕ್ಕೆ ಹುಲ್ಲು ಹಾಕುವವನೂ ಹೊತ್ತಿಗೆ ಸರಿಯಾಗಿ ಹಾಕುತ್ತಾನೆ. ಭಾಗೀರಥಿಯೂ ಆ ಮನೆಯ ಅನ್ನ ಉಂಡಿದ್ದಳು. ಅದರ ಲೆಕ್ಕವನ್ನೇ ಕೆರೆಯ ಮೆಟ್ಟಿಲ ಮೇಲೆ ಚುಕ್ತಾ ಮಾಡಿಸಿಕೊಂಡರು.

ಈಗ ನಮ್ಮ ಕೇರಿಯ ಕಡೆ ತಿರುಗೋಣ. ಮೇಲಿನವರ ಮನೆಯ ಹೆಣ್ಣಿಗೆ ಇಲ್ಲದ ಒಂದು ದಾರಿ ನಮ್ಮ ತಾಯಂದಿರಿಗೆ ಇತ್ತು. ಹಳೇ ಮೈಸೂರಿನ ಹೊಲೆಯರು, ಮಾದಿಗರು, ಇನ್ನೂ ಎಷ್ಟೋ ದುಡಿಯುವ ಜಾತಿಗಳಲ್ಲಿ ಗಂಡನ ಜೊತೆ ಬಾಳೋಕೆ ಆಗದಿದ್ದರೆ ಕುಲದ ಯಜಮಾನರ ಮುಂದೆ ಬಿಡಿಸಿಕೊಂಡು ಬರಬಹುದಿತ್ತು. ಇನ್ನೊಬ್ಬನ ಜೊತೆ ಕೂಡಿಕೆ ಆಗಬಹುದಿತ್ತು. ಗಂಡ ಸತ್ತವಳೂ ಆಗಬಹುದಿತ್ತು. ಹುಡುಗಿಗೆ ಗಂಡಿನ ಕಡೆಯವರೇ ತೆರ ಕೊಟ್ಟು ಮದುವೆ ಆಗುತ್ತಿದ್ದ ಕಾಲ. ಬಿಟ್ಟು ಬಂದರೆ ತೆರ ವಾಪಸ್ಸು ಮಾಡಬೇಕು, ದಂಡ ಕಟ್ಟಬೇಕು, ಬೈಸಿಕೊಳ್ಳಬೇಕು. ಸುಮ್ಮನೆ ಸಿಗುತ್ತಿರಲಿಲ್ಲ. ಕೂಡಿಕೆ ಆದವಳನ್ನ ಹಸೆಮಣೆಗೆ, ಶುಭಕಾರ್ಯಕ್ಕೆ ಸೇರಿಸದ ಕಡೆಯೂ ಇತ್ತು. ಕುಡಿದು ಬಂದು ಹೊಡೆಯುವ ಗಂಡಸರು ನಮ್ಮ ಕೇರಿಯಲ್ಲೇನು ಕಡಿಮೆ ಇರಲಿಲ್ಲ. ಇದನ್ನೆಲ್ಲ ಸ್ವರ್ಗ ಅಂತ ಬಣ್ಣಿಸೋ ದಡ್ಡತನ ನಮಗೆ ಬೇಡ. ಆದರೂ ಬಾಗಿಲು ಅನ್ನೋದೊಂದು ಇತ್ತು. ಮಗಳು ಗಂಟು ಹೊತ್ತುಕೊಂಡು ಸಂಜೆಯ ಹೊತ್ತು ಕೇರಿಗೆ ಬಂದರೆ 'ಯಾಕವ್ವ ಬಂದೆ' ಅಂತ ಕೇಳೋದಕ್ಕೆ ಮೊದಲು 'ಮುದ್ದೆ ಉಂಡ್ಯಾ' ಅಂತ ಕೇಳುವ ಅವ್ವಂದಿರು ಇದ್ದರು.

ಇಡೀ ಹಿಂದೂ ಸಮಾಜದ ಹೆಣ್ಣಿಗೆ ಆ ಬಾಗಿಲನ್ನ ಕಾನೂನಿನಲ್ಲಿ ತೆರೆಸಬೇಕು ಅಂತ ಅಂಬೇಡ್ಕರ್ ಹಿಂದೂ ಕೋಡ್ ಬಿಲ್ ಹಿಡಿದು ಗುದ್ದಾಡಿದರು. ಆಗಲಿಲ್ಲ. 1951ರಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಆಮೇಲೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನ ಬಂತು. ಕೇರಿಯ ಅನಕ್ಷರಸ್ಥ ಹೆಂಗಸರಿಗೆ ಎಂದೋ ಗೊತ್ತಿದ್ದ ಸಂಗತಿಗೆ ಪಾರ್ಲಿಮೆಂಟು ಇಷ್ಟು ಬೆವರು ಸುರಿಸಬೇಕಾಯಿತು. ವಿಚಿತ್ರ ಏನಪ್ಪ ಅಂದರೆ, ಅದೇ ಹೊತ್ತಿಗೆ ನಮ್ಮವರಲ್ಲಿ ನಾಲ್ಕಕ್ಷರ ಕಲಿತವರು ಕೂಡಿಕೆ ಅಂದರೆ ನಾಚಿಕೆ ಪಡೋದನ್ನ ಕಲಿತರು. ತೆರ ಹೋಗಿ ವರದಕ್ಷಿಣೆ ಬಂತು. ನೌಕರಿ ಸಿಕ್ಕ ಹುಡುಗನಿಗೆ ಮೋಟರ್ ಬೈಕು, ಉಂಗುರ, ಕಲ್ಯಾಣಮಂಟಪದ ಖರ್ಚು. ಮಗಳು ವಾಪಸ್ಸು ಬಂದರೆ 'ಮರ್ಯಾದೆ'. ಈ ಮರ್ಯಾದೆ ನಾವು ಯಾರಿಂದ ಸಾಲ ತಂದದ್ದು? ಮಲ್ಲನಗೌಡನ ಮನೆಯಿಂದ ತಂದದ್ದು. ಬ್ರಾಹ್ಮಣ್ಯವನ್ನ ವೇದಿಕೆಯ ಮೇಲೆ ಬೈದು, ಮನೆಗೆ ಹೋಗಿ ಮಗಳಿಗೆ 'ಹೊಂದಿಕೊಂಡು ಹೋಗವ್ವ' ಅನ್ನುವ ನಮ್ಮ ಮುಖಂಡರಿಗೆ ಈ ಹಾಡನ್ನ ದಿನಕ್ಕೊಂದು ಸಲ ಓದಿಸಬೇಕು.

ಗುಬ್ಬಿಯ ಹೆಸರು ಬಂದರೆ ನಾಟಕ ನೆನಪಾಗಲೇಬೇಕಲ್ಲ. 1884ರಲ್ಲಿ ಶುರುವಾದ ಕಂಪನಿ, ವೀರಣ್ಣನವರ ಕಾಲದಲ್ಲಿ ಊರೂರು ಸುತ್ತಿತು. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಸದಾರಮೆ ಕಳ್ಳನ ಕೈಯಿಂದ ಉಪಾಯವಾಗಿ ಪಾರಾಗುತ್ತಾಳೆ, ಜನ ಚಪ್ಪಾಳೆ ಹೊಡೆಯುತ್ತಾರೆ. ದಾರಿಯಲ್ಲಿ ಸಿಕ್ಕ ಕಳ್ಳನಿಂದ ತಪ್ಪಿಸಿಕೊಂಡ ಹೆಣ್ಣು ಜಾಣೆ. ಮನೆಯೊಳಗಿನ ಮಾವನಿಂದ ತಪ್ಪಿಸಿಕೊಂಡವಳಿಗೆ ಚಪ್ಪಾಳೆ ಹೊಡೆಯೋ ನಾಟಕವನ್ನ ಯಾವ ಕಂಪನಿ ಆಡಿತ್ತು?

ಊರನ್ನ ಬಿಡುವ ಮಾತಿಗೆ ಬರೋಣ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿಯನ್ನ ಹಾಡಿ ಹೊಗಳುವವರ ಮುಖಕ್ಕೇ, ಅದು ಅಜ್ಞಾನದ, ಸಂಕುಚಿತ ಬುದ್ಧಿಯ, ಕೋಮುಭಾವದ ಗುಂಡಿ ಅನ್ನೋ ಅರ್ಥದ ಮಾತು ಹೇಳಿದರು. ನಮ್ಮ ಅಪ್ಪಂದಿರು ಆ ಭಾಷಣ ಓದಿದವರಲ್ಲ. ಆದರೂ ಮಕ್ಕಳನ್ನ ಕುಣಿಗಲ್ ಕಡೆಯಿಂದ, ಗುಬ್ಬಿ ಕಡೆಯಿಂದ ಕೆಂಪು ಬಸ್ಸು ಹತ್ತಿಸಿ ತುಮಕೂರಿನ ಹಾಸ್ಟೆಲುಗಳಿಗೆ ಕಳಿಸಿದರು. ಟ್ರಂಕು, ಒಂದು ಚಾಪೆ, ಹಾಸ್ಟೆಲಿನ ವಾರ್ಡನ್ನಿಗೆ ತೋರಿಸೋ ಜಾತಿ ಸರ್ಟಿಫಿಕೇಟು. ಆ ಸರ್ಟಿಫಿಕೇಟೇ ಒಂದು ತಮಾಷೆ. ಯಾವುದನ್ನ ಬಿಟ್ಟು ಬಾ ಅಂತ ಕಳಿಸಿದರೋ ಅದನ್ನೇ ಸೀಲು ಹಾಕಿಸಿ ಜೇಬಲ್ಲಿ ಇಟ್ಟುಕೊಂಡು ಬಂದೆವು. ಅಲ್ಲಿಂದ ಮುಂದೆ ಪೀಣ್ಯ, ಬೆಂಗಳೂರು. ಬಾಡಿಗೆ ಮನೆ ಕೇಳೋಕೆ ಹೋದಾಗ 'ನೀವು ಯಾವ ಜನ' ಅನ್ನೋ ಪ್ರಶ್ನೆ. ಒಬ್ಬೊಬ್ಬರು ಒಂದೊಂದು ಉತ್ತರ ಕೊಡ್ತಾರೆ. ಅದರ ಬಗ್ಗೆ ನ್ಯಾಯ ಹೇಳೋಕೆ ಬಾಡಿಗೆ ಮನೆ ಕೇಳಲೇ ಬೇಕಿಲ್ಲದವರು ಬರಬಾರದು.

ಬಿಟ್ಟು ಹೋದವರನ್ನ ಎಲ್ಲರೂ ಕೇಳೋದು ಒಂದೇ: ಬೇರು ಮರೆಯಬೇಡ್ರೋ. ಸರಿ. ಯಾವ ನೆನಪು? ಊರಿನ ದೊಡ್ಡವರು ನೆನಪಿಟ್ಟುಕೋ ಅನ್ನುವಾಗ ಅದರ ಅರ್ಥ ನಿನ್ನ ಜಾಗ ನೆನಪಿಟ್ಟುಕೋ ಅಂತ. ಮಾದೇವರಾಯನ ನೆನಪೂ ಒಂದಿದೆ. ಅವನು ಅವಳ ಗುಣ ನೆನೆದು ಅತ್ತ. ಆ ಅಳು ಸುಳ್ಳಲ್ಲ. ಆದರೆ ಅವನು ಅಪ್ಪನ ಮುಂದೆ ನಿಂತು 'ಯಾಕೆ ಕೊಂದೆ' ಅಂತ ಕೇಳಲಿಲ್ಲ. ಕೇಳೋದಕ್ಕಿಂತ ಹಾರಿಕೊಳ್ಳೋದು ಅವನಿಗೆ ಸುಲಭ ಆಯಿತು. ಗೌಡ ಉಳಿದ, ಕೆರೆ ಉಳಿಯಿತು, ಊರು ನೀರು ಕುಡಿಯಿತು. ಇವತ್ತಿಗೂ ಕೆರೆ ಕೋಡಿ ಬಿದ್ದರೆ ಶಾಸಕರು ಮಂತ್ರಿಗಳು ಸಾಲಾಗಿ ಬಂದು ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು ಬಾಗಿನ ಬಿಡ್ತಾರೆ. ಯಾವ ಹೆಣ್ಣಿಗೆ ಆ ಸೀರೆ ಅಂತ ಒಬ್ಬರೂ ಕೇಳೋದಿಲ್ಲ. ಹೇಮಾವತಿ ಲಿಂಕ್ ಕಾಲುವೆಗಾಗಿ 2024ರಲ್ಲೂ 2025ರಲ್ಲೂ ಗುಬ್ಬಿಯವರು ಬೇಡ ಅಂತ, ಕುಣಿಗಲ್ಲಿನವರು ಬೇಕು ಅಂತ ಬೀದಿಗೆ ಇಳಿದರು. ಎರಡೂ ಕಡೆ ನೀರಿನ ಕಷ್ಟ ನಿಜವೇ. ಆದರೆ ತುಂಡು ಭೂಮಿಯೂ ಇಲ್ಲದ ಕೂಲಿಯವಳಿಗೆ ಆ ನೀರಿನಲ್ಲಿ ಎಷ್ಟು ಪಾಲು ಅಂತ ಯಾವ ಕಡೆಯ ವೇದಿಕೆಯಲ್ಲೂ ಯಾರೂ ಲೆಕ್ಕ ಇಡಲಿಲ್ಲ.

ಕೆರೆಗೆ ಇಳಿದ ಇನ್ನೊಂದು ಪಯಣವೂ ನಮ್ಮ ನೆನಪಿನಲ್ಲಿದೆ. 1927ರ ಮಾರ್ಚ್ 20, ಮಹಾಡಿನ ಚೌದಾರ ಕೆರೆ. ಆ ಕೆರೆ ಎಲ್ಲರಿಗೂ ಸೇರಿದ್ದು ಅಂತ ಪುರಸಭೆಯೇ ಮೊದಲೇ ಠರಾವು ಮಾಡಿತ್ತು. ಆದರೆ ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಂಬೇಡ್ಕರ್ ಮುಂದೆ, ಸಾವಿರಾರು ಜನ ಹಿಂದೆ. ಮೆಟ್ಟಿಲು ಇಳಿದು ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಏಟು ತಿಂದರು. ಆಮೇಲೆ ಸವರ್ಣೀಯರು ಸಗಣಿ ಗಂಜಲ ಸುರಿದು ಕೆರೆಯನ್ನ 'ಶುದ್ಧ' ಮಾಡಿದರು. ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಕಡೆ ಆಗೋದಕ್ಕೆ 1937 ಬರಬೇಕಾಯಿತು. ಭಾಗೀರಥಿ ಒಬ್ಬಳೇ ಇಳಿದಳು, ಅವಳ ಹಿಂದೆ ಯಾರೂ ಇರಲಿಲ್ಲ. ಇದು ಧೈರ್ಯದ ಹೆಚ್ಚುಕಡಿಮೆಯ ಮಾತಲ್ಲ. ಅವಳಿಗೆ ಧೈರ್ಯ ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಹಿಂದೆ ನಾಲ್ಕು ಜನ ಇದ್ದಿದ್ದರೆ ಅವಳು ಆ ಮೆಟ್ಟಿಲ ಮೇಲೆ ನಿಂತು ಏನು ಮಾಡುತ್ತಿದ್ದಳು ಅನ್ನೋದೇ ನಮ್ಮನ್ನ ಕಾಡುವ ಪ್ರಶ್ನೆ.

ಇನ್ನು ಗೆಳತಿ. ಕವಿತೆ ಬರೆಯುವ ನಾವೆಲ್ಲ ಇವಳ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ಅವಳಿಗೆ ನಿಜ ಗೊತ್ತಿತ್ತು. ಗಂಡ ಬಂದಾಗ ಅವಳೊಬ್ಬಳೇ ಮುಚ್ಚಿಡದೆ ಹೇಳಿದಳು. ಅವಳು ಬಾಯಿ ಬಿಡದಿದ್ದರೆ ಹಾಡೇ ಹುಟ್ಟುತ್ತಿರಲಿಲ್ಲ. ನೊಂದವರ ನೋವಿಗೆ ಸಾಕ್ಷಿ ಆಗಬೇಕು ಅಂತ ನಾವು ಪತ್ರಿಕೆ ಮಾಡ್ತೀವಿ, ಪದ್ಯ ಬರೀತೀವಿ, ಬೀದಿನಾಟಕ ಆಡ್ತೀವಿ. ಅದು ದೊಡ್ಡ ಕೆಲಸವೇ. ಆದರೆ ಗೆಳತಿಯ ಬಾಯಿಂದ ನಿಜ ಹೊರಬಿದ್ದದ್ದು ಕೆರೆ ತುಂಬಿದ ಮೇಲೆ. ಅದಕ್ಕೆ ಮೊದಲು ಅವಳು ಹೇಳಿದ್ದು ಎಲ್ಲರೂ ಹೇಳುವ ಮಾತನ್ನೇ. ಸತ್ತವಳ ಮೇಲೆ ಒಳ್ಳೆಯ ಪದ್ಯ ಬರೆಯೋದಕ್ಕೂ, ಬದುಕಿರುವವಳು ಮನೆಗೆ ಬಂದು ಕೂತಾಗ 'ಹೋಗಬೇಡ ಕಣೇ, ಇಲ್ಲೇ ಇರು, ಬಂದವರಿಗೆ ನಾನು ಹೇಳ್ತೀನಿ' ಅನ್ನೋದಕ್ಕೂ ಬೇಕಾದ ಎದೆ ಬೇರೆ ಬೇರೆ. ಎರಡನೇದಕ್ಕೆ ಮನೆ ಬೇಕು, ಎರಡು ಹೊತ್ತಿನ ಊಟ ಬೇಕು, ಗೌಡನ ಜನ ಬಂದು ಬಾಗಿಲು ಬಡಿದಾಗ ಅಕ್ಕಪಕ್ಕದವರು ಎದ್ದು ಬರಬೇಕು. ಒಬ್ಬ ಗೆಳತಿಯಿಂದ ಆಗೋ ಕೆಲಸ ಅಲ್ಲ ಅದು. ಅವಳನ್ನ ಬೈದು ನಾವು ದೊಡ್ಡವರಾಗೋದು ಬೇಡ. ಅವಳೂ ಯಾರದೋ ಮನೆಯ ಸೊಸೆಯೇ ಇರಬಹುದಲ್ಲ.

ಅಪ್ಪ ಆ ದಿನ ಹೊಲ ಮನೆ ಕೊಡಿಸುತ್ತೇನೆ ಅಂದಿದ್ದನಲ್ಲ, ಆ ಮಾತು ಹಾಡಿನಲ್ಲಿ ಅಲ್ಲಿಗೇ ನಿಂತುಬಿಡುತ್ತೆ. ನಿಜವಾಗಿ ಅವಳ ಹೆಸರಿಗೆ ಎರಡು ಎಕರೆ ಪಹಣಿ ಇದ್ದಿದ್ದರೆ? ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ಪಾಲು ಕೊಟ್ಟದ್ದು 1994ರ ತಿದ್ದುಪಡಿ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ನಮ್ಮ ಕೇರಿಗಳಲ್ಲಿ ಪಾಲು ಮಾಡೋಕೆ ಇರುವ ಹೊಲವೇ ಎಷ್ಟು ಅಂತ ಕೇಳ್ತೀರಿ. ಸರ್ಕಾರ ಮಂಜೂರು ಮಾಡಿದ ಒಂದೆರಡು ಎಕರೆ ಕಲ್ಲುಭೂಮಿ. ಅದನ್ನೂ ಮೇಲಿನವರು ಕೈಚಳಕದಲ್ಲಿ ಬರೆಸಿಕೊಂಡು, 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹಿಡಿದು ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆಯುವವರು ನಾವು. ಇರುವ ಆ ತುಂಡಿನ ಮಾತೇ ನೋಡಿ. ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಯಾವುದಾದರೂ ಒಂದು ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ಗುಬ್ಬಿ ಆದರೂ ಸರಿ, ಕುಣಿಗಲ್ ಆದರೂ ಸರಿ. ಹೊಸ ಸೀರೆ ಉಟ್ಟ ಅಕ್ಕತಂಗಿಯರು ಬೇವಿನ ಮರದ ಕೆಳಗೆ, ಇಲ್ಲ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸೀರೆ ಅಣ್ಣ ಕೊಡಿಸಿದ್ದು. ಬಸ್ ಚಾರ್ಜೂ ಅವನದೇ. ಒಳಗೆ ಹಕ್ಕು ಬಿಡುಗಡೆ ಪತ್ರ ಟೈಪಾಗುತ್ತಿರುತ್ತೆ. ತವರಿನ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಬೇಡ, ಇದು ನನ್ನ ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ. ಯಾಕಕ್ಕ ಸೈನು ಹಾಕ್ತೀರಿ ಅಂತ ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಉತ್ತರ. ನಾಳೆ ಏನಾದರೂ ಆಗಿ ವಾಪಸ್ಸು ಬರಬೇಕಾದರೆ ತವರು ಅಂತ ಒಂದು ಇರಬೇಕಲ್ಲಪ್ಪ, ಅದಕ್ಕೆ.